ದೇವರ ನಾಯಿಯ ಹಿಂಗಾಲು

2022ನೇ ಇಸವಿ. ಸರ್ಕಾರಿ ಸೇವೆಯಲ್ಲಿ ಹಸು ಎಮ್ಮೆಗಳ ಹಿಂಭಾಗವನ್ನೇ ನೋಡುತ್ತ ಆಯುಷ್ಯದ ದೊಡ್ಡ ಪಾಲು ಕಳೆದು ನಿವೃತ್ತನಾಗಿದ್ದ ನನ್ನನ್ನು ದಕ್ಷಿಣ ಕೊಡಗಿನ ಒಂದು ಪ್ರಾಣಿದಯಾ ಸಂಸ್ಥೆ ಕರೆದು 'ಮುಖ್ಯ ಪಶುವೈದ್ಯಾಧಿಕಾರಿ' ಎಂಬ ಹುದ್ದೆ ಕೊಟ್ಟಿತು. ಮುಖ್ಯನಲ್ಲದ ಪಶುವೈದ್ಯಾಧಿಕಾರಿ ಅಲ್ಲಿ ಇನ್ನೊಬ್ಬರಿರಲಿಲ್ಲ. ನನ್ನ ಅಧೀನದಲ್ಲಿದ್ದವನು ಹಮೀದ್ ಒಬ್ಬನೇ. ಅವನೇ ಡ್ರೈವರ್, ಅವನೇ ನಾಯಿ ಹಿಡಿಯುವವನು, ಕೈ ತೊಳೆದುಕೊಂಡು ಬಂದರೆ ಅವನೇ ಥಿಯೇಟರ್ ಅಸಿಸ್ಟೆಂಟ್. ನಮ್ಮ ಆಪರೇಷನ್ ಥಿಯೇಟರ್ ಮೊದಲು ಕಾಫಿ ಗೋದಾಮಾಗಿತ್ತು. ಮಳೆ ಹಿಡಿದ ದಿನ ಡೆಟಾಲ್ ವಾಸನೆಯನ್ನು ಮೀರಿ ಹಳೇ ಚೆರ್ರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ವಾಸನೆ ಏಳುತ್ತಿತ್ತು.

ನಮ್ಮ ಮುಖ್ಯ ಕೆಲಸ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ವಾಪಸ್ ಬಿಡುವುದು. ಹಿಡಿದಲ್ಲೇ ಬಿಡಬೇಕೆಂಬುದು ನಿಯಮ. ಬೇರೆ ಕಡೆ ಬಿಟ್ಟರೆ ಅಲ್ಲಿನ ನಾಯಿಗಳು ಹೊಸಬನನ್ನು ನೆಮ್ಮದಿಯಿಂದ ಇರಗೊಡುವುದಿಲ್ಲ. ಈ ವಿಷಯದಲ್ಲಿ ನಾಯಿಗೂ ನಮಗೂ ವ್ಯತ್ಯಾಸವಿಲ್ಲ.

ಆ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ, ಹುದಿಕೇರಿ ಕಡೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. ಯಾರೋ ಕಾಡುಹಂದಿಗೆಂದು ಬೇಲಿಯಲ್ಲಿ ಬೈಕಿನ ಕ್ಲಚ್ ವಯರಿನ ಉರುಲು ಇಟ್ಟಿದ್ದರು. ಅದಕ್ಕೆ ಹೆಣ್ಣು ನಾಯಿಯೊಂದು ಸಿಕ್ಕಿ, ವಯರನ್ನು ಕಿತ್ತುಕೊಂಡು ಓಡಿ, ಪಕ್ಕದ ದೇವರಕಾಡು ಸೇರಿತ್ತು. ನಾವು ಹೋಗಿ ನೋಡಿದಾಗ ನಾಯಿ ಗಡಿಕಲ್ಲಿನ ಒಳಗೆ ಒಂದೇ ಮಾರು ದೂರದಲ್ಲಿ ಮಲಗಿತ್ತು. ಎಡ ಹಿಂಗಾಲಿನಲ್ಲಿ ವಯರು ಮಾಂಸದೊಳಗೆ ಹೂತಿತ್ತು. ಅಲ್ಲಿಂದ ಕೆಳಗೆ ಕಾಲು ಊದಿ ಕಪ್ಪಾಗಿತ್ತು.

ಹಮೀದ್ ಬಲೆ ತೆಗೆದ. ರೈಟರ್ ಅವನ ಕೈ ಹಿಡಿದರು. ಅದು ಅಯ್ಯಪ್ಪನ ಕಾಡು. ಹರಕೆ ಹೊತ್ತವರು ಬೇಟೆಗಾರ ದೇವರಿಗೆ ಮಣ್ಣಿನ ನಾಯಿಗಳನ್ನು ತಂದೊಪ್ಪಿಸುವ ಜಾಗ. ಮರದ ಬುಡದಲ್ಲಿ ಸಾಲು ಸಾಲು ಮಣ್ಣಿನ ನಾಯಿಗಳು ಪಾಚಿ ಹಿಡಿದು ನಿಂತಿದ್ದವು. ಅವುಗಳ ನಡುವೆ ವಾಸವಾಗಿದ್ದ ಜೀವಂತ ನಾಯಿ ಇದೊಂದೇ. ಆದ್ದರಿಂದ ಇದು ದೇವರದ್ದು. ಹೆಸರು ಕೂಡ ಇರಲಿಲ್ಲ. ದೇವರ ನಾಯಿಗೆ ಹೆಸರಿಡಲು ನಾವು ಯಾರು? ನಮ್ಮ ರಿಜಿಸ್ಟರಿನಲ್ಲಿ 'ಮಾಲೀಕರು' ಎಂಬ ಕಾಲಂ ಇದೆ. ಅಲ್ಲಿ 'ಬೀದಿನಾಯಿ' ಎಂದು ಬರೆದು ಬರೆದು ರೂಢಿಯಾಗಿದ್ದ ನನ್ನ ಪೆನ್ನು ಆ ದಿನ ತಡವರಿಸಿ ಕಾಲಂ ಖಾಲಿ ಬಿಟ್ಟಿತು.

ಗಡಿಯ ಹೊರಗೆ ಬಂದರೆ ಹಿಡಿಯಬಹುದೆಂದು ಹಮೀದ್ ಬೇಯಿಸಿದ ಕೋಳಿ ತೋರಿಸಿದ. ನಾಯಿ ಕೋಳಿಯನ್ನೂ ನೋಡಿತು, ಬಲೆಯನ್ನೂ ನೋಡಿತು, ಕಣ್ಣು ಮುಚ್ಚಿತು. ಕಾನೂನು ತಿಳಿದ ನಾಯಿ.

ಕಾಡಿನ ಉಸ್ತುವಾರಿ ತಕ್ಕರದ್ದು, ಅಂದರೆ ದೇವರ ಕಾರ್ಯಗಳಿಗೆ ಊರಿನ ಪರವಾಗಿ ಹೊಣೆ ಹೊತ್ತ ಹಿರಿಯರದ್ದು. ಹೆಸರು ಪೂವಯ್ಯ. ವಯಸ್ಸು ಎಪ್ಪತ್ತು ದಾಟಿತ್ತು, ಬೆನ್ನು ಮಾತ್ರ ಇನ್ನೂ ನೆಟ್ಟಗಿತ್ತು. ದಿನಾ ಬೆಳಿಗ್ಗೆ ಆ ನಾಯಿಗೆ ಅನ್ನ ಹಾಕುವವರು ಅವರೇ. ಅದು ಬರುವುದು ಅವರ ದನಿಗೆ ಮಾತ್ರ ಎಂದು ರೈಟರ್ ಹೇಳಿದ್ದರು. ನಾನು ಅವರ ಮನೆಗೆ ಹೋಗಿ, ಗ್ಯಾಂಗ್ರೀನ್ ಎಂದರೆ ರಕ್ತ ಹೋಗದೆ ಅಂಗ ಕೊಳೆಯುವುದು, ವಿಷ ಮೈಗೇರಿದರೆ ನಾಯಿ ವಾರ ಬದುಕುವುದಿಲ್ಲ ಎಂದು ವಿವರಿಸಿ, ಅದನ್ನು ಥಿಯೇಟರಿಗೆ ಒಯ್ಯಲು ಬಿಡಿ ಎಂದೆ.

"ಈ ಕಾಡಿಂದ ಒಣ ಕಡ್ಡಿ ಸಹ ಹೊರಗೆ ತರ್ಲಿಕ್ಕಿಲ್ಲ ಡಾಕ್ಟ್ರೇ. ನೀವು ನಾಯಿಯನ್ನೇ ಕೇಳ್ತಾ ಇದ್ದೀರಿ."

ಅವರ ಸಂಕಟ ನನಗೆ ಅರ್ಥವಾಗದೆ ಇರಲಿಲ್ಲ. ಕೊಡದಿದ್ದರೆ ನಾಯಿ ಅವರ ಕಣ್ಣೆದುರೇ ಸಾಯುತ್ತದೆ. ಕೊಟ್ಟು ನಮ್ಮ ಮೇಜಿನ ಮೇಲೆ ಸತ್ತರೆ, ತಕ್ಕರೇ ದೇವರ ನಾಯಿಯನ್ನು ಪೇಟೆಯವರ ಕತ್ತಿಗೆ ಒಪ್ಪಿಸಿದರು ಎಂಬ ಮಾತು ಅವರ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಹಾಗಾದರೆ ಕಾಡಿನೊಳಗೇ ಕೊಯ್ಯಲೇ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ನೋಟ ಇಲಾಖೆಯ ಯಾವ ಮೆಮೋಗಿಂತಲೂ ಖಾರವಾಗಿತ್ತು. ಯೋಚಿಸಲು ಒಂದು ದಿನ ಬೇಕೆಂದರು.

ಮರುದಿನ ಬೆಳಿಗ್ಗೆ ಪೂವಯ್ಯನವರು ಗೋಣಿಯಲ್ಲಿ ಸುತ್ತಿದ ಒಂದು ಮಣ್ಣಿನ ನಾಯಿಯೊಂದಿಗೆ ಬಂದರು. ಮನೆಯ ಯಾವುದೋ ಹರಕೆಗೆ ತಂದಿಟ್ಟಿದ್ದರಂತೆ. ಚಪ್ಪಲಿ ಕಳಚಿ ಒಳಗೆ ಹೋಗಿ, ಆ ನಾಯಿ ಮಲಗುತ್ತಿದ್ದ ಜಾಗದಲ್ಲಿ ಅದನ್ನು ನಿಲ್ಲಿಸಿ, ಕೊಡವ ಭಾಷೆಯಲ್ಲಿ ತುಸು ಹೊತ್ತು ಮಾತಾಡಿದರು. ಕನ್ನಡ ಮಾತಾಡುವ ಸೋಮವಾರಪೇಟೆ ಕಡೆಯವನಾದ ನನಗೆ ಸಾರಾಂಶ ಮಾತ್ರ ತಿಳಿಯಿತು: ಅವಳು ಬರುವ ತನಕ ಕಾವಲಿಗೆ ಇದು ಇರಲಿ. ಆಮೇಲೆ ಹಿಂದಿರುಗಿ ನೋಡದೆ ಗಡಿಕಲ್ಲು ದಾಟಿ ರಸ್ತೆಗೆ ಬಂದು, "ಬಾ" ಎಂದರು. ನಾಯಿ ಎದ್ದು, ಕುಂಟುತ್ತ, ಅವರ ಹಿಂದೆಯೇ ಹೊರಗೆ ಬಂತು. ಹಮೀದನ ಬಲೆ ಮಡಚಿದ್ದು ಮಡಚಿದ ಹಾಗೇ ಉಳಿಯಿತು.

"ನಾಲ್ಕು ಕಾಲಿಂದು ಕೊಟ್ಟಿದ್ದೇನೆ. ನಾಲ್ಕು ಕಾಲಿಂದೇ ವಾಪಸ್ ಬರ್ಬೇಕು."

ಪ್ರಯತ್ನಿಸುತ್ತೇನೆ ಎಂದೆ. ವೈದ್ಯರ ಬಾಯಲ್ಲಿ ಆ ಮಾತಿನ ಬೆಲೆ ಎಷ್ಟೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟು ವಯರು ಬಿಡಿಸಿದೆ. ಕೆಳಗಿನ ಪಾದ ತಣ್ಣಗಿತ್ತು. ಉಗುರಿನ ಬುಡ ಚುಚ್ಚಿದರೆ ಒಂದು ಹನಿ ರಕ್ತವಿಲ್ಲ. ಇಂಥ ಕಾಲನ್ನು ತೊಡೆಯ ನಡುವಿನಿಂದಲೇ ತೆಗೆಯಬೇಕು. ಮೋಟು ಉಳಿಸಿದರೆ ನಾಯಿ ಅದನ್ನು ನೆಲಕ್ಕೆ ಊರಲು ಹೋಗಿ ಮತ್ತೆ ಗಾಯ ಮಾಡಿಕೊಳ್ಳುತ್ತದೆ. ಆದರೆ ಕೊಟ್ಟ ಮಾತು ಬೇರೆ ಇತ್ತಲ್ಲ. ಪೂವಯ್ಯನವರಿಗೆ ಫೋನ್ ಮಾಡಿದೆ. ಅವರು ತಮ್ಮ ಜೀಪಿನಲ್ಲಿ ಬರುವವರೆಗೆ ನಾಯಿಗೆ ಡ್ರಿಪ್ ಹಾಕಿ ಕಾದೆವು. ಹಮೀದ್ ಅದರ ತಲೆ ಸವರುತ್ತ ಕೂತ.

ಪೂವಯ್ಯನವರು ಬಂದು, ಬಗ್ಗಿ, ಆ ಪಾದವನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಬಹಳ ಹೊತ್ತು ಬಿಡಲಿಲ್ಲ.

"ಇದು ಹೋದ್ರೆ ಓಡ್ತದಾ?"

"ಓಡ್ತದೆ. ಹಂದಿ ಅಟ್ಟಿಸ್ಲಿಕ್ಕೆ ಮಾತ್ರ ಆಗ್ಲಿಕ್ಕಿಲ್ಲ."

"ಹಂದಿ ಬೇಟೆ ಈಗ ದೇವ್ರಿಗೂ ಇಲ್ಲ ಮಾರಾಯ್ರೇ. ಫಾರೆಸ್ಟಿನವ್ರ ಕಾನೂನುಂಟು." ಪಾದವನ್ನು ಮೆಲ್ಲನೆ ಕೆಳಗಿಟ್ಟರು. "ತೆಗೀರಿ."

ಹೊರಗೆ ಬೆಂಚಿನ ಮೇಲೆ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ತೆಗೆದೆ. ನಾಯಿ ಬದುಕಿತು. ಮೂರನೆಯ ದಿನ ಎದ್ದು ನಿಂತು, ಹಮೀದನ ಊಟದ ಡಬ್ಬಿ ಖಾಲಿ ಮಾಡಿ ತಾನು ಗುಣವಾಗುತ್ತಿರುವುದನ್ನು ಅಧಿಕೃತವಾಗಿ ಪ್ರಕಟಿಸಿತು.

ಹೊಲಿಗೆ ಬಿಚ್ಚಿದ ಮೇಲೆ, ನಿಯಮದಂತೆ, ಹಿಡಿದ ಜಾಗಕ್ಕೇ ಒಯ್ದೆವು. ದೇವರ ನಿಯಮವೂ ಸಂಸ್ಥೆಯ ನಿಯಮವೂ ಒಂದೇ ಆದದ್ದು ನನ್ನ ಸೇವಾವಧಿಯಲ್ಲಿ ಅದೊಂದೇ ಸಲ. ನಾಯಿ ಒಳಗೆ ಹೋಗಿ ತನ್ನ ಜಾಗದಲ್ಲಿದ್ದ ಮಣ್ಣಿನ ನಾಯಿಯನ್ನು ಮೂಸಿ, ಅದಕ್ಕೇ ಒರಗಿ ಮಲಗಿತು. ಒತ್ತೆಯಿಟ್ಟದ್ದನ್ನು ಇನ್ನು ಬಿಡಿಸಿಕೊಳ್ಳಬಹುದಲ್ಲ ಎಂದೆ.

"ಅದು ಹ್ಯಾಗೆ? ಒಣ ಕಡ್ಡಿಯೇ ತರ್ಲಿಕ್ಕಿಲ್ಲ ಅಂತ ಹೇಳಿದೆನಲ್ಲ," ಎಂದರು ಪೂವಯ್ಯನವರು. ಆಮೇಲೆ ಎರಡನ್ನೂ ನೋಡಿ ಮನಸ್ಸಿನಲ್ಲೇ ಕೂಡಿಸಿದರು. "ನಾಲ್ಕು ಕಾಲು ಹೋಗಿ ಏಳು ಬಂತು. ಅಯ್ಯಪ್ಪ ದೂರು ಕೊಡುವ ಹಾಗಿಲ್ಲ."

ಆವತ್ತು ರಿಜಿಸ್ಟರಿನ ಖಾಲಿ ಕಾಲಮಿನಲ್ಲಿ 'ಅಯ್ಯಪ್ಪ, ತಕ್ಕರ ಮುಖಾಂತರ' ಎಂದು ಬರೆದೆ. ಆಡಿಟ್ ಮಾಡಿದವರು ಈವರೆಗೆ ಆಕ್ಷೇಪಿಸಿಲ್ಲ. ಅಲ್ಲಿಂದ ಮುಂದೆ ಯಾವ ನಾಯಿಯನ್ನೂ 'ಬೀದಿನಾಯಿ' ಎಂದು ಬರೆಯುವ ಮೊದಲು ಅಕ್ಕಪಕ್ಕದಲ್ಲಿ ನಿಂತು ವಿಚಾರಿಸುತ್ತೇನೆ. ತೋಟದ ಕಾರ್ಮಿಕರ ಲೈನ್ ಮನೆಯ ಒಬ್ಬ ಅಜ್ಜಿಯೋ, ಹೋಟೆಲಿನವನೋ, ಶಾಲೆಯ ಅಡುಗೆಯಮ್ಮನೋ, ಯಾರಾದರೊಬ್ಬರು ಮುಂದೆ ಬಂದೇ ಬರುತ್ತಾರೆ. ಕತ್ತರಿ ಎತ್ತುವ ಮೊದಲು ಅವರನ್ನು ಕೇಳಬೇಕು. ಅದಕ್ಕೆ ಒಂದು ದಿನ ಹೋದರೆ ಹೋಗಲಿ.

ಮುಂದಿನ ವರ್ಷ ಲಸಿಕೆಗೆಂದು ಆ ಕಡೆ ಹೋದೆ. ಗಡಿಕಲ್ಲಿನ ಹತ್ತಿರ ಬಿಸಿಲಿಗೆ ಮೈ ಕಾಯಿಸುತ್ತಿದ್ದ ನನ್ನ ರೋಗಿ ನನ್ನನ್ನು ಕಂಡದ್ದೇ ತಡ, ಮೂರು ಕಾಲಲ್ಲಿ ಎದ್ದು, ಮರಗಳ ನಡುವೆ ಬಾಣದಂತೆ ಮಾಯವಾಯಿತು. ಜೀಪಿಗೆ ಒರಗಿ ನಿಂತಿದ್ದ ಪೂವಯ್ಯನವರು ತೃಪ್ತಿಯಿಂದ ತಲೆಯಾಡಿಸಿದರು.

"ಓಡ್ತದೆ ಅಂದದ್ದು ಸುಳ್ಳಲ್ಲ ಡಾಕ್ಟ್ರೇ."