ಮೀನಿನ ಗ್ರೂಪಿನಲ್ಲಿ ಉಳಿದ ಕೊನೆಯ ಮಾತು

ಕಳೆದ ಭಾನುವಾರ ನನ್ನ ಬಲಗೈಯಲ್ಲಿ ಬಂಗುಡೆಯ ಮಸಾಲೆ ಇತ್ತು. ಎಡಗೈಯ ಹೆಬ್ಬೆರಳಿನ ಕೆಳಗೆ ಒಬ್ಬರ ಅಂಗಡಿ ಇತ್ತು. ಹೆಬ್ಬೆರಳು ಒತ್ತಿಬಿಟ್ಟಿತು.

ಮೊದಲಿನಿಂದ ಹೇಳುತ್ತೇನೆ.

ನಮ್ಮದೊಂದು ಆನ್‌ಲೈನ್ ಗ್ರೂಪ್ ಇದೆ. ಹೆಸರು ‘ಮೀನು ಉಂಟಾ?’ ಮಂಗಳೂರಿನಲ್ಲಿ ಇವತ್ತು ಎಲ್ಲಿ ತಾಜಾ ಮೀನು ಬಂದಿದೆ, ಬೂತಾಯಿಗೆ ರೇಟು ಎಷ್ಟು, ಕಾಣೆ ಮೀನು ಹುರಿಯುವಾಗ ಕಾವಲಿಗೆ ಯಾಕೆ ಅಂಟುತ್ತದೆ, ಇಷ್ಟೇ ಅಲ್ಲಿಯ ವಿಷಯ. ನಾನು ಅದರ ಮಾಡರೇಟರ್. ಯೋಗ್ಯತೆ ಏನು ಅಂತೀರಾ? ನಮ್ಮದು ಅಜ್ಜನ ಕಾಲದಿಂದ ದೋಣಿಯ ಮನೆ ಎನ್ನುವುದು ನೆಪ. ಅಸಲು ಕಾರಣ, ತುಳು, ಕನ್ನಡ, ಕೊಂಕಣಿ, ಬ್ಯಾರಿ ನಾಲ್ಕೂ ಭಾಷೆಯ ಬೈಗುಳ ನನಗೆ ತಕ್ಷಣ ಅರ್ಥವಾಗುತ್ತದೆ. (ಎಲ್ಲಿ ಕಲಿತೆ ಎಂದು ಕೇಳಬೇಡಿ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದೆ.) ಇಂಥ ಪ್ರತಿಭೆ ಹಾಳಾಗಬಾರದೆಂದು ನನ್ನನ್ನು ಕಾವಲಿಗೆ ಕೂರಿಸಿದ್ದಾರೆ.

ಗ್ರೂಪಿನ ನಿಯಮ ಒಂದೇ. ಯಾರೂ ಯಾರಿಗೂ ಬೈಯಬಾರದು.

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮಣ್ಣಗುಡ್ಡದ ಮನೆಗೆ ವಾಪಸ್ ಓಡುವವಳು ನಾನು. ಇಂಥವಳ ಕೈಗೆ ಸಾವಿರಾರು ಜನರ ಬಾಯಿ ಕಾಯುವ ಕೆಲಸ! ಬಿಪಿ ಮಾತ್ರೆಯ ಜೊತೆಗೆ ದಿನಾ ಇದೂ ಒಂದು.

ಭಾನುವಾರ ಕಾವೂರಿನ ಸುಜಾತ ಒಂದು ಫೋಟೋ ಹಾಕಿದರು. ಅಂಜಲ್ ಮೀನಿನ ತುಂಡುಗಳು, ಬಣ್ಣಗೆಟ್ಟಿದ್ದವು. ಕೆಳಗೆ ಕೊಟ್ಟಾರದ ಒಂದು ಅಂಗಡಿಯ ಹೆಸರು. ‘ಬೆಳಿಗ್ಗೆ ತಂದದ್ದು, ವಾಸನೆ ಉಂಟು. ಜಾಗ್ರತೆ.’

ನ್ಯಾಯವಾದ ದೂರು. ಗ್ರೂಪ್ ಇರುವುದೇ ಅದಕ್ಕೆ. ಮೊದಲ ಕಮೆಂಟುಗಳೂ ಚಂದವೇ ಇದ್ದವು. ಕಿವಿರು ನೋಡಿ ತಗೊಳ್ಳಿ, ಇಡೀ ಮೀನು ತಗೊಂಡು ಎದುರಿಗೇ ಕತ್ತರಿಸಲಿಕ್ಕೆ ಹೇಳಿ, ಹೀಗೆ.

ಆಮೇಲೆ ಒಬ್ಬರು ಅಂಗಡಿಯ ಯಜಮಾನನ ಹೆಸರು ಬರೆದರು. ಇಮ್ತಿಯಾಝ್. ಹೆಸರು ಮಾತ್ರ, ಪಕ್ಕದಲ್ಲಿ ಒಂದು ನಗುವ ಮುಖ. ಅದರ ಕೆಳಗೆ ಮತ್ತೊಬ್ಬರು, ‘ಇವರ ಹತ್ತಿರ ತಗೊಂಡರೆ ಹೀಗೇ.’

‘ಇವರ’ ಅಂದರೆ ಯಾರ? ಯಾರೋ ಕೇಳಿಯೇಬಿಟ್ಟರು. ಅಲ್ಲಿಂದ ಮೀನು ಹೋಯಿತು, ಮನುಷ್ಯರು ಬಂದರು. ಎರಡೂ ಕಡೆಯವರು ಶುರು ಮಾಡಿದರು. ನಾಲ್ಕು ಭಾಷೆಯ ನನ್ನ ಪಾಂಡಿತ್ಯಕ್ಕೆ ಅಂದು ಹಬ್ಬ. ಒಂದು ಕೈಯಲ್ಲಿ ಬಂಗುಡೆಗೆ ಮಸಾಲೆ ಹಚ್ಚುತ್ತ, ಇನ್ನೊಂದರಲ್ಲಿ ಬೈಗುಳ ಅಳಿಸುತ್ತ ನಿಂತೆ. ಅಳಿಸಿದಷ್ಟೂ ಬಂದವು. ಕೊನೆಗೆ ಕಮೆಂಟನ್ನೇ ಬಂದ್ ಮಾಡಿದೆ. ಇನ್ನು ಯಾರೂ ಏನೂ ಬರೆಯುವ ಹಾಗಿಲ್ಲ. ಉಸಿರು ಬಿಟ್ಟೆ.

“ಎಂತ ಮಾರಾಯ್ತಿ, ಯುದ್ಧ ಮುಗೀತಾ?” ಎಂದರು ಮನೆಯವರು, ತಟ್ಟೆಯೆದುರು ಕೂತು.

“ಬಾಗಿಲು ಹಾಕಿದೆ.”

“ಹಾಗಾದ್ರೆ ಊಟ ಬಡಿಸು. ಇಲ್ಲಿಯೂ ಒಬ್ಬ ಮೆಂಬರ್ ಇದ್ದಾನೆ.”

ಊಟ ಮುಗಿಸಿ ಕೈ ಒರೆಸುವಾಗ ಫೋನ್ ಬಂತು. ಇಮ್ತಿಯಾಝ್! ನಾನು ಅವರ ಹಳೆಯ ಗಿರಾಕಿ, ನಂಬರ್ ಇಬ್ಬರಲ್ಲೂ ಇದೆ. ಸ್ವರ ಸಣ್ಣದಾಗಿತ್ತು.

“ಅಕ್ಕ, ನೀವು ಎಂತ ಹೀಗೆ ಮಾಡಿದ್ದು?”

“ಬೈಗುಳ ಎಲ್ಲ ತೆಗೆದಿದ್ದೇನಲ್ಲ ಇಮ್ತಿಯಾಝ್. ಇನ್ನು ಯಾರೂ ಬರೆಯಲಿಕ್ಕಿಲ್ಲ.”

“ನನಗೂ ಬರೆಯಲಿಕ್ಕೆ ಆಗುದಿಲ್ಲ ಅಕ್ಕ. ಬೆಳಿಗ್ಗೆ ಐಸ್ ಬರುವಾಗ ಲೇಟಾಯ್ತು. ಆ ಅಂಜಲ್ ಸರಿ ಇರ್ಲಿಲ್ಲ, ನನ್ನದೇ ತಪ್ಪು. ಬದಲಿ ಕೊಡ್ತೇನೆ, ಬನ್ನಿ ಅಂತ ಟೈಪ್ ಮಾಡ್ತಾ ಇದ್ದೆ. ಅಷ್ಟರಲ್ಲಿ ನೀವು ಬಾಗಿಲು ಹಾಕಿದ್ರಿ. ಈಗ ಕೊನೆಗೆ ಎಂತ ಉಂಟು ನೋಡಿದ್ರಾ?”

ನೋಡಿದೆ. ಪ್ರೊಫೈಲಿಗೆ ಗುಲಾಬಿ ಹೂವಿನ ಚಿತ್ರ ಇಟ್ಟುಕೊಂಡ ಒಬ್ಬರ ಕಮೆಂಟು. ‘ಸಂಜೆ ಅಂಗಡಿಗೆ ನಾವೆಲ್ಲ ಬರುತ್ತೇವೆ. ಯಜಮಾನರ ಹತ್ತಿರ ಸ್ವಲ್ಪ ಮಾತನಾಡಲಿಕ್ಕಿದೆ.’ ಕೆಳಗೆ ಸಾಲುಸಾಲು ಹೆಬ್ಬೆರಳು.

ಅದನ್ನು ನಾನು ಆಗಲೇ ಓದಿದ್ದೆ. ಬೈಗುಳ ಇಲ್ಲವೆಂದು ಬಿಟ್ಟಿದ್ದೆ. ‘ಯಜಮಾನರ’ ಎಂದು ಬಹುವಚನ ಬೇರೆ! ಅದರ ಮೇಲೆ ನಾನೇ ಬಾಗಿಲು ಹಾಕಿ, ಅದನ್ನೇ ಕೊನೆಯ ಮಾತು ಮಾಡಿಬಿಟ್ಟಿದ್ದೆ. ನಾನು ಬಂಗುಡೆ ತಿನ್ನುತ್ತಿದ್ದಷ್ಟು ಹೊತ್ತೂ ಊರೆಲ್ಲ ಅದನ್ನು ಓದಿದೆ, ಉತ್ತರ ಕೊಡಬೇಕಾದವನು ಟೈಪ್ ಮಾಡಿದ್ದನ್ನು ಕೈಯಲ್ಲಿ ಹಿಡಿದು ಕೂತಿದ್ದಾನೆ.

ಕಮೆಂಟ್ ಪುನಃ ತೆರೆದೆ. ಗುಲಾಬಿ ಹೂವಿನ ಕಮೆಂಟನ್ನು ಅಳಿಸಿದೆ. ಇಮ್ತಿಯಾಝ್ ತಮ್ಮ ಮಾತು ಹಾಕಿದರು. ಕೂಡಲೇ ಸುಜಾತ ಬರೆದರು, ‘ಸರಿ, ಸಂಜೆ ಬರ್ತೇನೆ.’ ಮೀನಿನ ಜಗಳ ಇಷ್ಟೇ ಇದ್ದದ್ದು! ಎರಡು ಸಾಲು. ಆದರೆ ಅಷ್ಟರಲ್ಲಿ ಹಳೆಯ ಕಮೆಂಟಿನ ಸ್ಕ್ರೀನ್‌ಶಾಟ್ ಎಲ್ಲೆಲ್ಲಿಗೆ ಹೋಗಿತ್ತೋ. ಅಳಿಸುವ ಅಧಿಕಾರ ನನಗಿರುವುದು ನನ್ನ ಗ್ರೂಪಿನಲ್ಲಿ ಮಾತ್ರ.

ಸಂಜೆ ಮನೆಯಲ್ಲಿ ಕೂರಲು ಆಗಲಿಲ್ಲ. (ಗ್ಯಾಸ್ ಆಫ್ ಆಗಿದೆಯೇ ಎಂದು ಅಂದು ನೋಡಲಿಲ್ಲ. ಅಷ್ಟರಮಟ್ಟಿಗಿನ ಗಾಬರಿ.) ಕೊಟ್ಟಾರಕ್ಕೆ ಹೋದರೆ ಅಂಗಡಿಯ ಶಟರ್ ಅರ್ಧ ಕೆಳಗಿತ್ತು. ಭಾನುವಾರ ಸಂಜೆ ಕಾಲಿಡಲು ಜಾಗವಿಲ್ಲದ ಅಂಗಡಿ ಅದು. ಹೊಸ ಐಸಿನ ಮೇಲೆ ಮೀನು ಹೊಳೆಯುತ್ತಿತ್ತು, ಕೇಳುವವರಿಲ್ಲ.

“ಬರ್ತೇವೆ ಅಂದವರೂ ಬರ್ಲಿಲ್ಲ, ದಿನಾ ಬರುವವರೂ ಬರ್ಲಿಲ್ಲ ಅಕ್ಕ,” ಎಂದು ಇಮ್ತಿಯಾಝ್ ನಗಲು ನೋಡಿದರು. ಕಣ್ಣು ಮಾತ್ರ ರಸ್ತೆಯ ಮೇಲಿತ್ತು.

ಸುಜಾತ ಆಟೋದಿಂದ ಇಳಿದರು. ನನ್ನನ್ನು ನೋಡಿ ಮುಖ ಕೆಂಪಾಯಿತು.

“ನಾನು ಮೀನಿನ ಬಗ್ಗೆ ಬರೆದದ್ದು ಮಾರಾಯ್ರೆ! ಮನುಷ್ಯರ ಬಗ್ಗೆ ಅಲ್ಲ. ನನಗೆ ಬೇಕಾದದ್ದು ಒಂದು ಒಳ್ಳೆ ಅಂಜಲ್.”

“ಈ ಸಲ ಮೂಸಿ ನೋಡಿಯೇ ತಗೊಳ್ಳಿ ಅಕ್ಕ,” ಎಂದು ಇಮ್ತಿಯಾಝ್ ಕತ್ತಿ ಎತ್ತಿಕೊಂಡರು.

ಆಗ ಎದುರಿಗೆ ಒಂದು ಬೈಕ್ ನಿಂತಿತು. ಇಬ್ಬರು, ಇಬ್ಬರಿಗೂ ಹೆಲ್ಮೆಟ್. ಇಮ್ತಿಯಾಝ್ ಕತ್ತಿಯನ್ನು ನಿಧಾನವಾಗಿ ಹಲಗೆಯ ಮೇಲಿಟ್ಟು, ಎರಡೂ ಕೈ ಕಾಣುವ ಹಾಗೆ ನಿಂತರು. ಅದನ್ನು ನೋಡಿ ನಾನು ಬ್ಯಾಗನ್ನು ಎದೆಗವಚಿಕೊಂಡೆ. ಮೀನು ಮಾರುವವನಿಗೆ ಮೀನಿನ ಕತ್ತಿ ಹಿಡಿಯಲೂ ಹೆದರಿಕೆಯೇ?

ಹಿಂದೆ ಕೂತವನು ಮೊಬೈಲ್ ಎತ್ತಿದ. ಒಂದು ಫೋಟೋ. ಬೈಕ್ ಹೋಯಿತು. ಅಷ್ಟೇ.

ನಾನು ಮನೆ ಮುಟ್ಟುವ ಮೊದಲೇ ಮೊಬೈಲ್ ಗುಂಯ್ ಅಂದಿತು. ಗ್ರೂಪಿಗೆ ಹೊಸ ಪೋಸ್ಟ್, ನನ್ನ ಒಪ್ಪಿಗೆಗೆ ಕಾಯುತ್ತಿದೆ. ಅದೇ ಗುಲಾಬಿ ಹೂವು. ಫೋಟೋದಲ್ಲಿ ಅರ್ಧ ಶಟರ್, ಸುಜಾತ, ಪಕ್ಕದಲ್ಲಿ ಬ್ಯಾಗ್ ಎದೆಗವಚಿಕೊಂಡ ನಾನು. ಅಡಿಬರಹ: ‘ನಮ್ಮವರು ಎಲ್ಲಿಂದ ಮೀನು ಒಯ್ಯುತ್ತಾರೆ, ದಯವಿಟ್ಟು ಎಲ್ಲರೂ ನೋಡಿ.’

ಎರಡು ಸಲ ಓದಿದೆ. ನಾಲ್ಕು ಭಾಷೆಯಲ್ಲಿ ಹುಡುಕಿದೆ. ಒಂದು ಕೆಟ್ಟ ಶಬ್ದವಿಲ್ಲ. ‘ದಯವಿಟ್ಟು’ ಕೂಡ ಇದೆ! ನಿಯಮದ ಪ್ರಕಾರ ಪಾಸ್.

ತಿರಸ್ಕರಿಸಿದೆ. ಆ ಸದಸ್ಯರನ್ನು ಇನ್ನೂ ಹೊರಗೆ ಹಾಕಿಲ್ಲ. ಹಾಕಿದರೆ ಇನ್ನೊಂದು ಹೂವಿನ ಹೆಸರಿನಲ್ಲಿ ಬರುತ್ತಾರೆ, ಹಾಕದಿದ್ದರೆ ಇನ್ನೊಂದು ಫೋಟೋ ತರುತ್ತಾರೆ. ಇನ್‌ಬಾಕ್ಸಿಗೆ ಅವರ ಸಂದೇಶ ಬಂದು ಕೂತಿದೆ, ಕೈಮುಗಿದ ಚಿತ್ರದೊಂದಿಗೆ.

‘ಮೇಡಂ, ನಾನು ಯಾರಿಗೆ ಬೈದಿದ್ದೇನೆ? ತೋರಿಸಿ.’

ಹಲಗೆಯ ಮೇಲೆ ಕತ್ತಿ ಇಟ್ಟ ಆ ಎರಡು ಕೈಗಳನ್ನು ಈ ಮನುಷ್ಯನಿಗೆ ಹೇಗೆ ತೋರಿಸಲಿ?