ಬೋರಲಿಟ್ಟ ಬಾಟಲಿಗಳು

ಗಬ್ಬೂರಿನ ಕಡೆಯ ಕೆರೆಯಲ್ಲಿ ನನ್ನ ಗಂಡ ಮೊಣಕಾಲುದ್ದ ಕೆಸರಿಗಿಳಿದು ಕೋಲಿನಿಂದ ತಳ ಕೆದಕಿದರೆ ಬುಳುಬುಳು ಗುಳ್ಳೆ ಏಳುತ್ತಿದ್ದವು. ನೀರು ತುಂಬಿದ ಬಾಟಲಿಯನ್ನು ನೀರಿನೊಳಗೇ ಬೋರಲು ಹಿಡಿದು, ಬಾಯಿಗೆ ಲಾಳಿಕೆ ಸಿಕ್ಕಿಸಿ, ಆ ಗುಳ್ಳೆಗಳನ್ನು ಒಳಗೆ ಬಿಟ್ಟುಕೊಳ್ಳುವುದು ನನ್ನ ಕೆಲಸ. ದಂಡೆಯ ಮೇಲೆ ಎಮ್ಮೆ ಕಾಯುವವರು ಕಿಸಕಿಸ ನಗುತ್ತಿದ್ದರು. ನಗಲಿ, ನಮ್ಮ ಗಂಟೇನು ಹೋಯಿತು! ಮಾಳಮಡ್ಡಿಯ ಮನೆಯಿಂದ ಹೊರಬಿದ್ದು ಗಂಡನ ಜೊತೆ ಬಿಸಿಲಿನಲ್ಲಿ ನಿಲ್ಲುವುದೇ ನನಗೆ ಹಬ್ಬವಾಗಿತ್ತು.

ಅರವತ್ತರ ದಶಕದ ಮಾತು. ಆ ಗುಳ್ಳೆಯ ಗಾಳಿ ಮೀಥೇನ್; ಕಡ್ಡಿ ಗೀರಿದರೆ ಉರಿಯುತ್ತಿತ್ತು. ಕೆಳಗೆ ಎಣ್ಣೆ ಇದೆಯೆಂದು ಊರೆಲ್ಲ ಗುಲ್ಲು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನನ್ನವರು ಒಪ್ಪಲಿಲ್ಲ; ಅದು ಕೆಸರಿನಲ್ಲೇ ಹುಟ್ಟಿದ್ದು ಎಂಬುದು ಅವರ ವಾದ. ಇಂಗಾಲದಲ್ಲಿ ಹಗುರದ್ದೊಂದು, ತುಸು ಭಾರದ್ದೊಂದು ಉಂಟು. ಕೆಸರಿನ ಸೂಕ್ಷ್ಮಜೀವಿಗಳು ಮಾಡಿದ ಮೀಥೇನ್‌ನಲ್ಲಿ ಹಗುರದ್ದು ಹೆಚ್ಚು, ಎಣ್ಣೆಯ ಜೊತೆ ಬರುವ ಮೀಥೇನ್‌ನಲ್ಲಿ ಅಷ್ಟಿಲ್ಲ. ಅದನ್ನು ಅಳೆಯುವ ಯಂತ್ರ ಮುಂಬೈಯಲ್ಲಿತ್ತು.

"ಹಗುರ ಬರ್ತದ, ನೋಡ್ತಿರು," ಎನ್ನುತ್ತಿದ್ದರು. "ಇದೊಂದು ಖರೇ ಆತಂದ್ರ ನಾ ಹುಟ್ಟಿದ್ದು ಸಾರ್ಥಕ."

ಅವರ ಹೃದಯ ಚಿಕ್ಕಂದಿನಿಂದಲೂ ದುರ್ಬಲ. ಬಾಟಲಿಗಳನ್ನು ತುಂಬಿಕೊಂಡು ಬಂದ ವಾರವೇ ಹಾಸಿಗೆ ಹಿಡಿದರು. ಮುಂಬೈಗೆ ಹೋಗುವವರು ಸಿಗುವವರೆಗೆ ಇರಲೆಂದು ಅವನ್ನು ಗೋಡೆಯ ಗೂಡಿನಲ್ಲಿ ಬೋರಲಿಟ್ಟು, ಬೆಳಕು ತಾಗದಂತೆ ಹಳೆಯ ಧೋತರದ ತುಂಡು ಹೊದಿಸಿದ್ದರು. ಬೋರಲಿದ್ದರೆ ಕುತ್ತಿಗೆಯಲ್ಲಿ ನೀರು ನಿಂತು, ಬಿರಡೆಯ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುವುದಿಲ್ಲ.

ಅತ್ತೆಗೆ ಅದೇ ಕಣ್ಣಿಗೆ ಚುಚ್ಚುತ್ತಿತ್ತು. ನಮ್ಮ ಮನೆಗಳಲ್ಲಿ ಸಾವಾದಾಗ ನೀರು ಚೆಲ್ಲಿ ಕೊಡಗಳನ್ನು ಬೋರಲು ಹಾಕುತ್ತಾರೆ. "ಜಡ್ಡಿನಾಂವ ಮಲಗಿದ ಮನ್ಯಾಗ ಹಂಗ ಬಾಯಿ ಕೆಳಗ ಮಾಡಿ ಡಬ್ಬ ಇಡಬಾರದೋ ಯಪ್ಪಾ," ಎಂದು ಮಗನ ತಲೆ ಸವರಿದರು.

"ಅವು ಕೊಡ ಅಲ್ಲ, ಅವ್ವಾ. ಮುಟ್ಟಿದಿ ಅಂದ್ರ ನೋಡು ಮತ್ತ!" ಎಂದು ನನ್ನವರು ನಕ್ಕರು. ಆ ನಗುವಿಗೇ ಏದುಸಿರು ಹತ್ತಿತು.

ತಿಂಗಳು ತುಂಬುವುದರೊಳಗೆ ಅವರು ಹೋಗಿಬಿಟ್ಟರು. ದೇವರ ಮೇಲೆ, ಡಾಕ್ಟರ ಮೇಲೆ, ಆ ಹಾಳು ಕೆಸರಿನ ಮೇಲೆ ಎಲ್ಲದರ ಮೇಲೂ ನನಗೆ ಸಿಟ್ಟು. ಸೂತಕ ಕಳೆದ ಮೇಲೆ, ಮುಂಬೈಗೆ ಹೊರಟಿದ್ದ ಅವರ ಕಾಲೇಜಿನ ಗುರುಗಳು ಬಾಟಲಿ ಕೇಳಿಕೊಂಡು ಬಂದರು. ಧೋತರ ಸರಿಸಿದೆ. ಅವರಿಟ್ಟ ಹಾಗೆಯೇ ಬೋರಲು ನಿಂತಿದ್ದವು. ಅವರ ಕೈ ಆಡಿದ ಬಾಟಲಿಗಳೆಂದು ಎದೆಗೊತ್ತಿಕೊಂಡು ಅತ್ತು, ಕೊಟ್ಟು ಕಳಿಸಿದೆ. ಅವರ ಮಾತೊಂದಾದರೂ ಉಳಿಯುತ್ತದೆ ಎಂಬ ಆಸೆ.

ಬೇಸಗೆಯ ಕೊನೆಗೆ ಗುರುಗಳು ಮತ್ತೆ ಬಂದರು. ಮುಖ ನೋಡಿದೊಡನೆ ತಿಳಿಯಿತು.

"ಭಾರ ಬಂದದವಾ," ಎಂದರು. "ಬಾಟಲ್ಯಾಗ ಗಾಳಿ ಹೊಕ್ಕದ. ಮೀಥೇನ್ ತಿನ್ನೋ ಜೀವಿಗಳೂ ಕೆರಿ ನೀರಾಗ ಇರ್ತಾವ. ಗಾಳಿ ಸಿಕ್ಕಿತಂದ್ರ ಹಗುರದ್ದನ್ನ ಹೆಚ್ಚು ತಿಂದು ಭಾರದ್ದು ಉಳಸ್ತಾವ. ಇದರಿಂದ ಏನೂ ಹೇಳಾಕ ಬರೂದಿಲ್ಲ. ಯಾರರೆ ನೆಟ್ಟಗ ಇಟ್ಟಿದ್ರೇನು?"

"ಇಲ್ಲರಿ! ಡಬ್ಬನ ಇದ್ದುವು. ನಾನ ಕಣ್ಣಾರೆ ನೋಡೇನಿ," ಎಂದೆ.

ಮತ್ತೆ ತುಂಬೋಣವೆಂದರೆ ಕೆರೆಯ ಕೆಸರನ್ನೆಲ್ಲ ರೈತರು ಹೊಲಕ್ಕೆ ಹೇರಿಯಾಗಿತ್ತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗೊತ್ತಿಕೊಂಡರು. "ನೆಟ್ಟಗ ಇಟ್ಟಾಕಿ ನಾನರಿ. ನನ್ನ ಮಗಾ ಮುಟ್ಟಬ್ಯಾಡ ಅಂದ ದಿನಾನ ಇಟ್ಟು, ಮ್ಯಾಲೆ ಮತ್ತ ಧೋತರದ ಅರಬಿ ಮುಚ್ಚಿದ್ದೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಹಂಗಾದ್ರ ಮತ್ತ ಡಬ್ಬ ಹಾಕಿದವರು ಯಾರ್ರಿ?" ಎಂದು ಹಿರಿಯರೆಂಬುದನ್ನೂ ಮರೆತು ಚೀರಿದೆ.

"ಅದೂ ನಾನ. ಆಂವನ್ನ ಒಯ್ದ ದಿನಾ, ಕೊಡಾ ಡಬ್ಬ ಹಾಕೂಮುಂದ ಅವನ್ನೂ ಹಾಕಿದೆ," ಎಂದರು. "ಇನ್ನ ಯಾರ ಸಲುವಾಗಿ ನೆಟ್ಟಗ ಇಡ್ಲಿ, ತಂಗಿ?"