ಭಂಡಾರ ಬಳಿದ ಕ್ಯಾಮೆರಾ

ಗೆಳೆಯರೇ, ಇವತ್ತು ನಮ್ಮ ಕುರಿಗೆ ಇಲ್ಲದ ಕಾಮಾಲೆ ಬಂದು ಹೋಯಿತು.

ಲಾಕ್‌ಡೌನಿನಿಂದಾಗಿ ನನ್ನ ಪಶುವೈದ್ಯಕೀಯ ಇಂಟರ್ನ್‌ಶಿಪ್ ಈಗ ಚಿಮ್ಮಡದ ನಮ್ಮ ಕುರಿ ಹಟ್ಟಿಯಲ್ಲೇ, ವಿಡಿಯೋ ಕಾಲ್‌ನಲ್ಲಿ ನಡೆಯುತ್ತಿದೆ. "ಸೊರಗಿದ ಕುರಿಯ ಕಣ್ಣು ತೋರಿಸಮ್ಮ, ಇಲ್ಲದಿದ್ದರೆ ಹಾಜರಿ ಇಲ್ಲ" ಎಂದರು ಕಾಲೇಜಿನ ಮೇಡಂ. ಅಜ್ಜ ಅಡ್ಡ ಬಂದ. "ಕಂಡಕಂಡವ್ರಿಗೆ ಕುರಿ ತೋರಸಬ್ಯಾಡವಾ, ದೃಷ್ಟಿ ಆಗತೈತಿ!" ನಾನು ಬೇಡವೆನ್ನುವಷ್ಟರಲ್ಲಿ ಬೀರಪ್ಪನ ಗುಡಿಯ ಭಂಡಾರವನ್ನು, ಅಂದರೆ ಪ್ರಸಾದದ ಅರಿಶಿನ ಪುಡಿಯನ್ನು, ಫೋನಿನ ಬೆನ್ನಿಗೆ ಬಳಿದೇಬಿಟ್ಟ, ಕ್ಯಾಮೆರಾ ಸಮೇತ.

"ಅಯ್ಯೋ, ಕಣ್ಣೆಲ್ಲ ಹಳದಿ! ಕಾಮಾಲೆ ಇರಬೇಕು" ಎಂದು ಮೇಡಂ ಗಾಬರಿಯಾದರು.

ಅಜ್ಜನಿಗೆ ಸಿಟ್ಟು ಬಂತು. ಕುರಿಯ ರೆಪ್ಪೆ ಬಿಡಿಸಿ ಹಿಡಿದ. "ಎಲ್ಲಿ ಕಾಮಾಲಿರೀ? ರೆಪ್ಪಿ ಒಳಗ ಬೆಳ್ಳಗಾಗೈತಿ. ಹೊಟ್ಟ್ಯಾಗ ರಕ್ತ ಹೀರೋ ಹುಳ ಅದಾವು."

ನಾನು ಕ್ಯಾಮೆರಾ ಒರೆಸಿದೆ. ಮೇಡಂ ನೋಡಿ ನಕ್ಕುಬಿಟ್ಟರು. "ಅಜ್ಜ ಹೇಳಿದ್ದೇ ಸರಿ. ನಾಳೆ ಕ್ಲಾಸಿಗೆ ಅವರನ್ನೂ ಕೂರಿಸು, ಉಳಿದ ಹುಡುಗರೂ ಕಲಿಯಲಿ."

ಅಜ್ಜ ಆಗಲೇ ನಾಳೆಯ ಕ್ಲಾಸಿಗೆಂದು ತಲೆಯ ರುಮಾಲು ಒಗೆದು ಒಣಹಾಕಿದ್ದಾನೆ. ಫೋನಿಗೆ ಮಾತ್ರ ಇನ್ನು ಭಂಡಾರ ಬೇಡ ಎಂದೆ.

"ನಾಳಿ ಎಲ್ಲಾರೂ ನನ್ನ ನೋಡ್ತಾರಲ್ಲವಾ, ನನಗ ದೃಷ್ಟಿ ಆದ್ರ?"